ಎದುರುಬದುರು ಬಾಣಗಳು

ತೊಂಬತ್ತರ ದಶಕದ ನಡುವೆ ಸೇಲಂನ ಲ್ಯಾಬೊಂದರಲ್ಲಿ ನಾನು ಮರಗೆಣಸಿನ ಡಿಎನ್‌ಎ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಮಾಡುತ್ತಿದ್ದೆ ಅನ್ನುವುದಕ್ಕಿಂತ ಬೀಗುತ್ತಿದ್ದೆ ಎಂದರೆ ಸರಿ. ಒಂದು ಸಣ್ಣ ತುಣುಕು ಮಾತ್ರ ಗೊತ್ತಿತ್ತು; ಅದರ ಎಡಬಲಕ್ಕೆ ಏನಿದೆಯೆಂದು ತಿಳಿಯಬೇಕಿತ್ತು. ಅದಕ್ಕೆ ಎಳೆಯನ್ನು ಕತ್ತರಿಸಿ, ತುದಿಗಳನ್ನು ಬೆಸೆದು ಬಳೆ ಮಾಡಿ, ಗೊತ್ತಿರುವ ತುಣುಕಿನಿಂದ ನಕಲು ತೆಗೆಯುತ್ತಾರೆ. ನಕಲು ಯಾವ ಕಡೆಗೆ ಓಡಬೇಕೆಂದು ತೋರಿಸುವುದು ಪ್ರೈಮರ್ ಎಂಬ ಎರಡು ಚೂರುಗಳು. ಅವನ್ನು ಬರೆದು ತರಿಸಿದವನು ನಾನೇ.

ಮೊದಲ ಸಲಕ್ಕೇ, ನಕಲು ಸಿಕ್ಕಿದ್ದಕ್ಕೆ ಗುರುತಾಗಿ, ಹೊಳೆಯುವ ಪಟ್ಟಿ ಬಂತು. ಅದು ಎಷ್ಟು ಉದ್ದದ ತುಣುಕೆಂದು ಅಳತೆ ನೋಡುವ ಮುಂಚೆಯೇ ಫೋಟೊ ತೆಗೆದೆ. ಮುಂದಿನ ಸೋಮವಾರ ಗೈಡ್ ಕೆಲಸ ಪರಿಶೀಲಿಸುವವರಿದ್ದರು. ಮೆಚ್ಚಿದರಷ್ಟೇ ನನ್ನ ಫೆಲೋಶಿಪ್ ಮುಂದುವರಿಯುತ್ತಿತ್ತು. ಗೆದ್ದೆನೆಂದುಕೊಂಡು ನಮ್ಮೂರು ಕಡಯಂಪಟ್ಟಿಯ ಬಸ್ ಹತ್ತಿದೆ.

ಅವ್ವ ಆಗಷ್ಟೇ ಓಮಲೂರಿನಿಂದ ಬಂದಿದ್ದಳು. ದೊಡ್ಡಪ್ಪನ ಮಗನಿಗೆ ನೋಡಿದ್ದ ಹೆಣ್ಣಿನ ಬಗ್ಗೆ ವಿಚಾರಿಸಲು ಹೋಗಿದ್ದಳಂತೆ. ಅವಳು ಜರಡಿ ಹಿಡಿದಿದ್ದ ರಾಗಿಹಿಟ್ಟಿನಲ್ಲೇ ಬೆರಳಾಡಿಸಿ ನನ್ನ ಸಾಧನೆ ವಿವರಿಸಿದೆ. ಬಳೆ, ತುಣುಕು, ತುಣುಕಿನ ಎರಡು ತುದಿಯಲ್ಲಿ ಎರಡು ಬಾಣ.

"ಇದು ಗೊತ್ತಿರೋ ಮನೆ ಅನ್ನು. ಇದರ ಅಕ್ಕಪಕ್ಕ ಏನೈತೆ ಅಂತ ನೋಡ್ಬೇಕು."

ಅವ್ವ ಬಗ್ಗಿ ನೋಡಿದಳು. "ಎಣ್ಣಿನ ಸಮಾಚಾರ ಎಣ್ಣಿನ ಮನೇಲೇ ಕೇಳ್ತಾರೇನ್ಲಾ? ನಾನು ಆ ಕಡೆ ಮನೇಲಿ, ಈ ಕಡೆ ಮನೇಲಿ ಕೇಳ್ಕೊಂಡು ಬಂದೆ. ನಿನ್ನ ಬಾಣ ಎರಡೂ ಒಂದರ ಮಕ ಒಂದು ನೋಡ್ಕೊಂಡು ಕುಂತವೆ. ಅಪ್ಪೊ ಪಕ್ಕದ ಮನೆಗೆ ಓಗೋರು ಯಾರ್ಲಾ?"

ನಾನೂ ಹಿಟ್ಟಿನ ಮೇಲೆ ಬಗ್ಗಿ ನೋಡಿದೆ. ಬಾಣಗಳು ಬೆನ್ನಿಗೆ ಬೆನ್ನು ಹಾಕಿ ಹೊರಗೆ ಓಡಬೇಕಿತ್ತು. ನಾನು ಮಾಮೂಲಿ ನಕಲಿನ ಅಭ್ಯಾಸಬಲದಿಂದ ಪ್ರೈಮರ್‌ಗಳನ್ನೂ ಹೀಗೇ ಒಳಮುಖವಾಗಿ ಬರೆದು ತರಿಸಿದ್ದೆ. ಹೊಳೆದ ಪಟ್ಟಿ ನನಗೆ ಮೊದಲೇ ಗೊತ್ತಿದ್ದ ತುಣುಕು. ಅಷ್ಟು ದಿನ ಬೆವರು ಸುರಿಸಿ ನನ್ನ ಜೇಬಿನಲ್ಲಿದ್ದದ್ದನ್ನೇ ಪತ್ತೆ ಹಚ್ಚಿದ್ದೆ.

ಸೋಮವಾರ ಗೈಡ್ ಮುಂದೆ ತಪ್ಪೊಪ್ಪಿಕೊಂಡೆ. ಅವರು ತಪ್ಪು ಹೇಗೆ ಗೊತ್ತಾಯಿತೆಂದು ಕೇಳಿದರು.

"ಮತ್ತೊಮ್ಮೆ ನೋಡುವಾಗ ಹೊಳೆಯಿತು, ಸಾರ್."

ನನ್ನ ಪ್ರಾಮಾಣಿಕತೆಯನ್ನು ಹೊಗಳಿ ಫೆಲೋಶಿಪ್ ಮುಂದುವರಿಸಿದರು. ಹೊಸ ಪ್ರೈಮರ್‌ಗಳೂ ಬಂದವು, ಪಕ್ಕದ ಮನೆಯವರೂ ಸಿಕ್ಕರು.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಲ್ಯಾಬಿನ ಫ್ರಿಜ್ ರಿಪೇರಿ ಮಾಡಿದವರನ್ನೂ ನೆನೆದೆ. ಅವ್ವನ ಮಾತು ಬರೆಯಲು ನಾಚಿಕೆಯಾಯಿತು. ಪುಸ್ತಕ ತಂದು ಕೊಟ್ಟಾಗ ಓದು ಬಾರದ ಅವಳು ಒಂದೊಂದೇ ಹಾಳೆ ತಿರುವಿ, ಬಳೆಯ ಚಿತ್ರ ಸಿಕ್ಕಿದ ಮೇಲೆ ಬಾಣಗಳ ಮೇಲೆ ಬೆರಳಿಟ್ಟಳು.

"ಈಗ ಸರಿಯಾಗೈತೆ ನೋಡು," ಅಂದಳು.