ಸಾವ್ಕಾರ್ರು ಧರ್ಮಕ್ಕೆ ಕೊಟ್ಟ ತರಕಾರಿ

ಮೊನ್ನೆ ಬಾಳ್ಳುಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಅಂಗಡಿಯವನು ಕೊಳೆತ ಸೌತೆಕಾಯಿಯ ಚೀಲವೊಂದನ್ನು ಚರಂಡಿಗೆ ಸುರಿದ. ಆ ಹುಳಿ ನಾತ ಮೂಗಿಗೆ ಬಡಿದದ್ದೇ ತಡ, ನಮ್ಮ ಸಾವ್ಕಾರ್ರು ಕಣ್ಣೆದುರು ಬಂದು ನಿಂತರು. ಸತ್ತವರ ನೆನಪು ಊದುಬತ್ತಿಯ ವಾಸನೆಯಲ್ಲೋ ಕಾಫಿ ಹೂವಿನ ಪರಿಮಳದಲ್ಲೋ ಬರಬೇಕಂತೆ. ಇವರದು ಹೀಗೆ ಬರುತ್ತದೆ, ನಾನೇನು ಮಾಡಲಿ...

ನಾನಾಗ ಹಾನುಬಾಳು ಕಡೆಯ ಒಂದು ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಬಿಸಿಯೂಟದ ತರಕಾರಿ ಬಾಳ್ಳುಪೇಟೆಯಿಂದ ಬಸ್ಸಿನಲ್ಲಿ ಬರುತ್ತಿತ್ತು, ಬರುವಷ್ಟರಲ್ಲಿ ಬಾಡಿರುತ್ತಿತ್ತು. ಮಕ್ಕಳು ಅದನ್ನು ಸಾರಿನಿಂದ ಹೆಕ್ಕಿ ತಟ್ಟೆಯ ಅಂಚಿಗೆ ಇಡುತ್ತಿದ್ದರು. ಶಾಲೆಯ ಕೆಳಗೇ ಒಬ್ಬಾಕೆಗೆ ತುಂಡು ಗದ್ದೆಯಿತ್ತು. ಸಾವ್ಕಾರ್ರ ಎಸ್ಟೇಟಿಗೆ ಕಾಫಿ ಕುಯ್ಯಲು ಹೋಗಿ ಬದುಕುತ್ತಿದ್ದವಳು. ಭತ್ತ ಕುಯ್ದ ಮೇಲೆ ಆ ಗದ್ದೆಯಲ್ಲಿ ತರಕಾರಿ ಹಾಕು, ಶಾಲೆಗೆ ನಾವೇ ಕೊಳ್ಳುತ್ತೇವೆ ಎಂದೆ. ನನ್ನ ಮಾತು ನಂಬಿ ಆ ಸಲ ಅವಳು ಎಸ್ಟೇಟಿನ ಕಡೆ ತಲೆ ಹಾಕಲಿಲ್ಲ. ಹುರುಳಿಕಾಯಿ, ಬದನೆ, ಹರಿವೆ ಬೆಳೆದಳು. ಬೆಳಿಗ್ಗೆ ಕಿತ್ತದ್ದು ಮಧ್ಯಾಹ್ನಕ್ಕೆ ಸಾರಾಗುತ್ತಿತ್ತು. ಮಕ್ಕಳು ಹೆಕ್ಕುವುದು ಬಿಟ್ಟು ಬಡಿಸಿದ್ದನ್ನೆಲ್ಲ ತಿನ್ನತೊಡಗಿದರು.

"ಹಿಂಗೇ ನಡುದ್ರೆ ಇನ್ನೊಬ್ರ ತೋಟುಕ್ಕೆ ಹೋಗೋದು ತಪ್ತೈತೆ ಮೇಡಂ" ಎನ್ನುತ್ತಿದ್ದಳು.

ಗಣರಾಜ್ಯೋತ್ಸವದ ಬಾವುಟಕ್ಕೆ ಸಾವ್ಕಾರ್ರು ಬಂದರು. ಕರೆಯದಿದ್ದರೂ ಬರುತ್ತಿದ್ದರು. ತಮ್ಮ ಮನೆಯ ಮಕ್ಕಳೆಲ್ಲ ಸಕಲೇಶಪುರದ ಕಾನ್ವೆಂಟಿಗೆ ಹೋಗುತ್ತಿದ್ದರೂ ನಮ್ಮ ಶಾಲೆಯ ಮೈಕಿನ ಮೇಲೆ ಅವರಿಗೆ ಬಲು ಪ್ರೀತಿ. ಮೈಕು ಹಿಡಿದು ಹೇಳಿದರು:

"ನಮ್ಮೂರ್ ಮಕ್ಳು ತಿನ್ನೋ ತರ್ಕಾರಿಗೆ ಕಾಸು ಇಸ್ಕೊಳೋದಾ? ಬದನೆಕಾಯಿ ಮಾರ್ಕೊಂಡು ಬದುಕೋ ಗತಿ ನಮ್ಮೂರಿಗೆ ಯಾವಾಗ ಬಂತು? ಇನ್ಮೇಲೆ ನಾನು ಕೊಡ್ತೀನಿ, ಧರ್ಮಕ್ಕೆ."

ನಮ್ಮ ಕಡೆ ಈ ಮಾತು ನೇರವಾಗಿ ಎದೆಗೇ ನಾಟುತ್ತದೆ. ಕಾಫಿ ಮಾರಬಹುದು, ಮೆಣಸು ಮಾರಬಹುದು, ಅದು ದೊಡ್ಡಸ್ತಿಕೆ. ತರಕಾರಿ ಮಾತ್ರ ನೆಂಟರಿಗೆ, ನೆರೆಯವರಿಗೆ ಸುಮ್ಮನೆ ಕೊಡತಕ್ಕದ್ದು, ಮಾರಿದರೆ ಮನೆತನಕ್ಕೇ ಕಡಿಮೆ. ಲಾರಿಗಟ್ಟಲೆ ಕಾಫಿ ಮಾರುವವರಿಗೆ ಈ ಸಂಪ್ರದಾಯ ಎಷ್ಟು ಅನುಕೂಲ ನೋಡಿ. ಚಪ್ಪಾಳೆಯೋ ಚಪ್ಪಾಳೆ. ಗದ್ದೆಯವಳು ಹೆಂಗಸರ ಹಿಂದೆ ನಿಂತಿದ್ದಳು. ಸೆರಗು ಬಾಯಿಗೆ ಹಿಡಿದು ಮನೆಗೆ ಹೊರಟುಹೋದಳು.

ಅವಳಿಂದಲೇ ಕೊಳ್ಳೋಣ ಎಂದು ನಾನು ಶಾಲಾ ಸಮಿತಿಯ, ಅದೇ ಎಸ್‌ಡಿಎಂಸಿಯ, ಸಭೆಯಲ್ಲಿ ಜಗಳವಾಡಿದೆ. "ಧರ್ಮಕ್ಕೆ ಸಿಕ್ಕೋದು ಬಿಟ್ಟು ದುಡ್ಡು ಯಾಕ್ ಹಾಳು ಮಾಡ್ತೀರಿ?" ಎಂದು ಎಲ್ಲರೂ ನನ್ನ ಬಾಯಿ ಮುಚ್ಚಿಸಿದರು. ಅವಳು ಮತ್ತೆ ಕಾಫಿ ಕುಯ್ಯಲು ಹೋದಳು, ಅದೇ ಸಾವ್ಕಾರ್ರ ತೋಟಕ್ಕೆ.

ಮೊದಲ ಜೀಪು ಬಂದ ದಿನ ಫೋಟೋದವನೂ ಜೊತೆಗೇ ಬಂದ. ಜೀಪಿನಲ್ಲಿದ್ದದ್ದೇನು? ಬಲಿತು ಹಳದಿಯಾದ ಸೌತೆಕಾಯಿ, ಹಂದಿ ಕಚ್ಚಿ ಬಿಟ್ಟ ಕುಂಬಳ. ಅವರ ಕೊಟ್ಟಿಗೆಯ ದನ ಮೂಸಿ ನೋಡಿ ಬೇಡವೆಂದದ್ದೆಲ್ಲ ನಮ್ಮ ಮಕ್ಕಳಿಗೆ ಬಂದಿತ್ತು ಎಂದೇ ನನ್ನ ಅನುಮಾನ. ಅಡುಗೆ ಕೋಣೆ ನಾರತೊಡಗಿತು. ಹೇಳಲೆಂದು ಎಸ್ಟೇಟಿಗೇ ಹೋದೆ. ಕೂತ ಕುರ್ಚಿಯಿಂದ ಅಲುಗದೆ ನಕ್ಕರು.

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ಲಿಗೆ ಹೋಗಿ ಮೊಳ ಹಾಕುದ್ರಂತೆ. ಹಂಗಾಯ್ತು ಮೇಡಂನೋರೆ ನಿಮ್ ಕಥೆ."

ಗಾದೆಗೆ ಅವರಲ್ಲಿ ಬರವಿರಲಿಲ್ಲ, ನಾಚಿಕೆಗೆ ಇತ್ತು. ನಾನು ಕಾಫಿ ಮುಟ್ಟದೆ ಎದ್ದು ಬಂದೆ. ಕೆಲವು ವಾರಗಳಲ್ಲಿ ಜೀಪು ತಾನಾಗಿಯೇ ನಿಂತಿತು. ಫೋಟೋ ಅಷ್ಟರಲ್ಲಿ ಪೇಪರಿನಲ್ಲಿ ಬಂದಿತ್ತಲ್ಲ... ಜೀಪು ಇಂದೋ ನಾಳೆಯೋ ಬಂದೀತೆಂದು ಸಮಿತಿಯವರು ತರಕಾರಿ ಕೊಳ್ಳಲೂ ಬಿಡಲಿಲ್ಲ. ಆಮೇಲೆ ನನಗೂ ವರ್ಗವಾಯಿತು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಆಡಲು ಯಾರಿಗೂ ಧೈರ್ಯವಿರಲಿಲ್ಲ, ಈಗ ಆಡಬಾರದು. ಹಾಗಾದರೆ ಆಡುವುದು ಯಾವಾಗ? ಹೀಗೆ ಒಳಗೊಳಗೇ ಕುದಿಯುತ್ತ ಬಸ್ಸು ಹತ್ತಿದರೆ ಸೀಟಿನಲ್ಲಿ ಆ ಗದ್ದೆಯವಳೇ ಕೂತಿದ್ದಳು. ಕೂದಲು ಬೆಳ್ಳಗಾಗಿತ್ತು. ಸಾವ್ಕಾರ್ರ ತಿಥಿಯೂಟ ಭರ್ಜರಿಯಾಗಿತ್ತೆಂದು ಹೇಳಿದಳು, ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅವಳ ಮೇಲೂ ಸಿಟ್ಟು ಬಂತು.

"ಇನ್ನೇನಮ್ಮ, ತಡೆಯೋರು ಯಾರೂ ಇಲ್ಲ. ಮತ್ತೆ ಆ ಹುರುಳಿಕಾಯಿ ಹಾಕಬಾರದಾ?" ಎಂದೆ.

"ಬೀಜ ಎಲ್ಲೈತೆ ಮೇಡಂ? ನಮ್ಮವ್ವ ಕೆ. ಹೊಸಕೋಟೆಯಿಂದ ಕೊಟ್ಟಿದ್ದು, ಅಂಗ್ಡೀಲಿ ಸಿಕ್ಕೋದಲ್ಲ. ಜೀಪು ನಿಂತಾಗ ಮಕ್ಳು ಬರೀ ತಿಳಿಸಾರು ಉಣ್ತಿದ್ವಲ್ಲ... ಬೀಜುಕ್ಕೆ ಅಂತ ಬಿಟ್ಟಿದ್ದ ಸಾಲ್ನೂ ಎಳೇದ್ರಲ್ಲೇ ಕಿತ್ತು ಅಡುಗೆಯೋರ ಕೈಗೆ ಕೊಟ್ಬುಟ್ಟೆ. ನಿಮ್ಗೆ ಹೇಳ್ಬ್ಯಾಡಿ ಅಂದಿದ್ದೆ."

"ಅವ್ವನ ಹತ್ತಿರ ಮತ್ತೆ ಕೇಳಲಿಲ್ವಾ?"

"ಅವ್ವ ಹೋಗ್ಬುಟ್ಲು" ಎಂದು ಕಿಟಕಿಯ ಕಡೆ ತಿರುಗಿದಳು.

ಆ ಶಾಲೆಯ ಅಡುಗೆ ಕೋಣೆಯ ಗೋಡೆಯಲ್ಲಿ ಒಂದು ಕಲ್ಲಿದೆ. ದಾನಿಗಳು ಎಂದು ಕೆತ್ತಿ, ಕೆಳಗೆ ಸಾವ್ಕಾರ್ರ ಹೆಸರು ಹಾಕಿದ್ದಾರೆ. ಆ ಹುರುಳಿಕಾಯಿ ಈಗ ಎಲ್ಲೂ ಇಲ್ಲ.