ಬರಬೇಡಿ ಎಂದ ದಿನ ಬಂದ ಊರು

ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಕಲಬುರಗಿಯ ಬಸ್ಸು ನನ್ನನ್ನು ಕಮಲಾಪುರದಲ್ಲಿ ಇಳಿಸಿದ ಹೊತ್ತು ಇದು. ಮೊದಲು ಹೊತ್ತು ಬರೆದು ಆಮೇಲೆ ಸಂಗತಿ ಬರೆಯುವುದು ನನ್ನ ದಿನಚರಿಯ ರೂಢಿ. ವಾರವಿಡೀ ನಂದೂರಿನ ಬೇಳೆ ಮಿಲ್ಲಿನಲ್ಲಿ ತೂಕದ ಚೀಟಿ ಬರೆದು ಬರೆದು ಕೈಗೆ ಅಂಟಿದ್ದು. ನಾನಿರುವುದು ಕಲಬುರಗಿಯ ಗಾಜಿಪುರದ ಬಾಡಿಗೆ ಖೋಲಿಯಲ್ಲಿ. ಭಾನುವಾರ ಮಾತ್ರ ಕಮಲಾಪುರದ ಚಿಗವ್ವನ ಮನೆ. ಚಿಗವ್ವ ಎಂದರೆ ನನ್ನ ಅವ್ವನ ತಂಗಿ.

ಅಂದು ಚಿಗವ್ವನಿಗೆ ದೊಡ್ಡ ದಿನ. ಅವಳೂ ಇನ್ನೂ ಏಳು ಜನ ಹೆಂಗಸರೂ ಸಂಘ ಕಟ್ಟಿಕೊಂಡು, ಸಮುದಾಯ ಭವನದ ಪಕ್ಕದ ಎರಡು ಕೋಣೆಗಳಲ್ಲಿ ರೊಟ್ಟಿ ಮನೆ ತೆರೆದು ಒಂದು ವರ್ಷವಾಗಿತ್ತು. ಬಿಸಿ ರೊಟ್ಟಿ ಊರಲ್ಲಿ ಖರ್ಚಾಗುತ್ತಿತ್ತು, ಆದರೆ ಅಷ್ಟರಿಂದಲೇ ಎರಡು ಕೋಣೆ ನಡೆಯುವಂತಿರಲಿಲ್ಲ. ಕಲಬುರಗಿಯಲ್ಲಿ ವಿದ್ಯಾರ್ಥಿಗಳ ಮೆಸ್ ನಡೆಸುವವರೊಬ್ಬರು ಮಧ್ಯಾಹ್ನ ಬಂದು ನೋಡುವುದಾಗಿ ಹೇಳಿದ್ದರು. ಅವರು ಒಪ್ಪಿದರೆ ದಿನವೂ ರೊಟ್ಟಿ ಬಸ್ಸಿನಲ್ಲಿ ಹೋಗುತ್ತದೆ. ಒಪ್ಪದಿದ್ದರೆ ತಿಂಗಳ ಕೊನೆಗೆ ಕೋಣೆ ಬಿಟ್ಟುಕೊಟ್ಟು, ಎಂಟು ಜನರೂ ಅವರವರ ಮನೆಯ ಒಲೆಯ ಮುಂದೆ ಕೂರುವುದು.

ಅದಕ್ಕೇ ಆ ದಿನ ಗದ್ದಲವಿರಬಾರದೆಂದು ಚಿಗವ್ವ ಶನಿವಾರ ಸಂಜೆಯೇ ಆಟೋದಲ್ಲಿ ಕೂಗಿಸಿದ್ದಳು. ನಾಳೆ ರೊಟ್ಟಿ ಮಾರಾಟ ಇಲ್ಲ, ಯಾರೂ ಬರಬೇಡಿ ಎಂದು.

ನಮ್ಮೂರಲ್ಲಿ ಸುದ್ದಿ ಎಂದರೆ ಚಾಚಾನ ದನಿ. ನಲ್ಲಿ ನೀರು, ಪೋಲಿಯೋ ಹನಿ, ಮದುವೆ, ಸಾವು, ಎಲ್ಲವನ್ನೂ ಕನ್ನಡದಲ್ಲೊಮ್ಮೆ, ದಖನಿ ಉರ್ದುವಿನಲ್ಲೊಮ್ಮೆ ಹೇಳುವವರು ಅವರೇ. ಮೊದಲು ಕೈಯಲ್ಲಿ ಮೈಕ್ ಹಿಡಿದು ತಾವೇ ಆಟೋದಲ್ಲಿ ಸುತ್ತುತ್ತಿದ್ದರು. ಈಗ ಮಂಡಿನೋವು. ಕಲಬುರಗಿ ಕೋಟೆಯ ಎದುರಿನ ರಿಕಾರ್ಡಿಂಗ್ ಅಂಗಡಿಯಲ್ಲಿ ಮಾತು ತುಂಬಿಸಿ, ಪೆನ್‌ಡ್ರೈವನ್ನು ಆಟೋದವನ ಕೈಗೆ ಕೊಡುತ್ತಾರೆ. ಅವರಲ್ಲಿ ನನಗೆ ಹಿಡಿಸದಿದ್ದದ್ದು ಒಂದೇ: ಎಂದೂ ತಾರೀಖು ಹೇಳುವುದಿಲ್ಲ, ಬರೀ ‘ನಾಳೆ’ ಎನ್ನುತ್ತಾರೆ. ಒಮ್ಮೆ ಕೇಳಿಯೂ ನೋಡಿದ್ದೆ.

“ಬೇಟಿ, ತಾರೀಖ್ ಹೇಳಿದ್ರ ಮಂದಿ ಕ್ಯಾಲೆಂಡರ್ ಹುಡುಕ್ತಾರ. ನಾಳೆ ಅಂದ್ರ ತಯಾರಾಗ್ತಾರ,” ಎಂದಿದ್ದರು.

ನಾನು ರೊಟ್ಟಿ ಮನೆ ಸೇರಿದಾಗ ಎಂಟೂ ಜನ ನೆಲ ಸಾರಿಸಿ, ಹೆಂಚು ತಿಕ್ಕಿ, ಹಿಟ್ಟು ಜರಡಿ ಹಿಡಿಯುತ್ತಿದ್ದರು. ಹತ್ತೂವರೆಗೆ ಓಣಿಯ ಅಜ್ಜಿಯೊಬ್ಬಳು ತಾಟು, ಚೊಂಬು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು. ಊರೂಟವಿದ್ದರೆ ನಮ್ಮ ಕಡೆ ತಾಟು ಮನೆಯಿಂದಲೇ ತರುವುದು ವಾಡಿಕೆ.

“ಯಾಕಬೇ ಆಯಿ, ಇವತ್ತ ಮಾರಾಟ ಇಲ್ಲ,” ಎಂದಳು ಚಿಗವ್ವ.

“ಮಾರಾಟ ಯಾರಿಗಿ ಬೇಕಾಗ್ಯಾದ? ಊಟಕ್ಕ ಕರದೀರಲ್ಲ, ಬಂದೀನಿ. ಲಗೂನ ಬಂದ್ರ ಮೊದಲ ಪಂಕ್ತಿ ಸಿಗ್ತದ.”

ಅಜ್ಜಿಗೆ ಮರೆವು ಎಂದುಕೊಂಡೆವು. ಅವಳ ಹಿಂದೆ ಒಂದು ಮನೆಯವರೆಲ್ಲ ಬಂದರು. ಅವರ ಹಿಂದೆ ಮಸೀದಿ ಓಣಿಯ ಹೆಂಗಸರು, ಅವರ ಹಿಂದೆ ಬುದ್ಧ ವಿಹಾರದ ಕಡೆಯವರು. ಎಲ್ಲರ ಕೈಯಲ್ಲೂ ತಾಟು. ಗೀಟು ಎಳೆದು ಎಣಿಸುತ್ತ ಹೋದೆ. ನೂರು ದಾಟಿದ ಮೇಲೆ ಚಿಗವ್ವ ನನ್ನ ಪೆನ್ನು ಕಸಿದುಕೊಂಡಳು.

“ಎಣಿಕಿ ಸಾಕು. ಏನಾಗ್ಯಾದ ಅಂತ ಕೇಳ್ಕೊಂಡ್ ಬಾ.”

ಕೇಳಿಕೊಂಡು ಬರುವ ಹೊತ್ತಿಗೆ ಚಾಚಾ ತಾವೇ ಕುಂಟುತ್ತ ಬಂದರು, ಹಿಂದೆ ತಲೆ ತಗ್ಗಿಸಿಕೊಂಡು ಆಟೋದವನು. ಆದದ್ದು ಇಷ್ಟು: ಆ ಪೆನ್‌ಡ್ರೈವಿನಲ್ಲಿ ರೊಟ್ಟಿ ಮನೆಯ ಎರಡು ಕೂಗು ಇದ್ದವು. ಒಂದು ನಿನ್ನೆಯದು. ಇನ್ನೊಂದು ಹೋದ ವರ್ಷ ರೊಟ್ಟಿ ಮನೆ ತೆರೆದ ದಿನದ್ದು: ‘ನಾಳೆ ಸಂಘದ ರೊಟ್ಟಿ ಮನಿಯೊಳಗ ಊಟ ಅದ, ಎಲ್ಲಾರೂ ಮನಿಮಂದಿ ಸಮೇತ ಬರ್ರಿ.’ ಆಟೋ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಯಂತ್ರ ಮೊದಲು ತುಂಬಿಸಿದ ಹಳೆಯ ಕೂಗನ್ನೇ ಹಾಡುತ್ತದೆ. ಆಟೋದವನು ಚಹಾ ಕುಡಿಯಲು ನಿಲ್ಲಿಸಿದ್ದ. ಚಹಾ ಅಂಗಡಿಗಿಂತ ಈಚೆಯವರು ‘ಬರಬೇಡಿ’ ಕೇಳಿದರು, ಆಚೆಯವರು ‘ಬನ್ನಿ’ ಕೇಳಿದರು.

“ನೀ ಗಾಡ್ಯಾಗೇ ಕುಂತಿದ್ದೆಲ್ಲೋ, ನಿನಗ ಕೇಳಸಲಿಲ್ಲೇನು?” ಎಂದಳು ಸಂಘದ ಹಿರಿಯಳು.

“ದಿನಾ ಕೇಳಿ ಕೇಳಿ ಕಿವಿಗಿ ಬೀಳಂಗಿಲ್ಲ ಯಕ್ಕಾ.”

“ಚಾಚಾ, ನಿಮ್ಮ ನಾಳೆ ಒಂದ್ ವರ್ಷ ತಡಾ ಮಾಡಿ ಬಂತು ನೋಡ್ರಿ,” ಎಂದೆ ನಾನು.

“ಅವಾಜ್ ನಂದೇ ಅದ, ಗಲತಿನೂ ನಂದೇ,” ಎಂದರು ಚಾಚಾ. “ಅಮ್ಮಾ, ಮೈಕ್ ತಂದೀನಿ. ಊಟ ಇಲ್ಲ ಅಂತ ಈಗೇ ಹೇಳಿ ಎಲ್ಲಾರಿಗೂ ವಾಪಸ್ ಕಳಸ್ತೀನಿ.”

ಚಿಗವ್ವ ಹೊರಗೆ ನೋಡಿದಳು. ಮೆಸ್ಸಿನವರು ಬರಲು ಒಂದು ತಾಸಷ್ಟೇ ಇತ್ತು. ಹಿಟ್ಟಿನ ಚೀಲ ಎರಡು. ಪಲ್ಯ ಎಂಟು ಜನಕ್ಕಾಗುವಷ್ಟು. ಈ ಸಂತೆಯ ನಡುವೆ ಬರುವವರಿಗೆ ಕೋಣೆ ತೋರಿಸುವುದು ಹೇಗೆ ಎಂಬ ಚಿಂತೆ ಅವಳ ಮುಖದ ಮೇಲೇ ಇತ್ತು. ಆದರೂ ಅವಳು ಹೇಳಿದ್ದು ಬೇರೆ.

“ಕರದದ್ದು ನಾವಲ್ಲ, ಖರೇ. ಆದ್ರ ಕೂಗಿದ್ದು ನಮ್ಮ ಸಂಘದ ಹೆಸರು. ತಾಟ ಹಿಡ್ಕೊಂಡ್ ಬಂದವ್ರಿಗಿ ಹೋಗ್ರಿ ಅನ್ನಾಕ ನನ್ನ ಬಾಯಿ ಬರಂಗಿಲ್ಲ. ಚಾಚಾ, ಹಿಂಗ ಹೇಳ್ರಿ: ರೊಟ್ಟಿ ನಮ್ದು, ಪಲ್ಯ ನಿಮ್ದು. ಮನ್ಯಾಗ ಏನ್ ಮಾಡೀರಿ ಅದನ್ನ ತರ್ರಿ.”

ಚಾಚಾ ಕಟ್ಟೆಯ ಮೇಲೆ ನಿಂತು, ಎರಡು ಸಲ ಕೆಮ್ಮಿ, ಹಾಗೆಯೇ ಹೇಳಿದರು. ಮೊದಲ ಪಂಕ್ತಿಯ ಅಜ್ಜಿ, “ನಮ್ಮನ್ಯಾಗ ಬರೇ ಖಾರಬ್ಯಾಳಿ ಅದ, ನಡೀತದೇನು?” ಎಂದು ಕೇಳಿದಳು. ನಡೆಯುತ್ತದೆ ಎಂದ ಮೇಲೆ ಅರ್ಧ ಜನ ಎದ್ದು ಮನೆಗೆ ಹೋದರು.

ಮರಳಿ ಬಂದದ್ದನ್ನು ನಾನು ಬರೆದಿಟ್ಟಿದ್ದೇನೆ. ಬದನೆಕಾಯಿ, ಚಟ್ನಿಪುಡಿಯಂಥ ಶೇಂಗಾ ಹಿಂಡಿ, ಮೊಸರು, ಹಸಿಮೆಣಸಿನ ಖಾರ, ಮಸೀದಿ ಓಣಿಯಿಂದ ದಾಲ್ಚಾ ಎನ್ನುವ ಬೇಳೆ ಸಾರು, ತೋಟದವರೊಬ್ಬರ ಸೈಕಲ್ ಮೇಲೆ ಕೆಂಪು ಬಾಳೆಯ ಒಂದು ಗೊನೆ. ಅರ್ಧದಷ್ಟು ಹಣ್ಣು ಇನ್ನೂ ಕಾಯಿ, ಅದಕ್ಕೂ ಜಗಳವಾಯಿತು. ಒಳಗೆ ಎಂಟು ಜನ ರೊಟ್ಟಿ ಬಡಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಂದವರಲ್ಲೇ ಕೆಲವು ಹೆಂಗಸರು ಸೆರಗು ಸಿಕ್ಕಿಸಿ ಹೆಂಚಿನ ಮುಂದೆ ಕೂತರು. ಯಾರ ರೊಟ್ಟಿ ತೆಳ್ಳಗೆ, ಯಾರದ್ದು ಎಮ್ಮೆಯ ಕಿವಿ ಎಂದು ಒಬ್ಬರನ್ನೊಬ್ಬರು ಕಾಡಿಸುವ ಮಾತು ಬಡಿತದ ಸದ್ದಿಗಿಂತ ಜೋರಾಗಿತ್ತು.

ಮೆಸ್ಸಿನವರು ಬಂದದ್ದು ಹನ್ನೆರಡೂ ಮುಕ್ಕಾಲಿಗೆ. ಬಾಗಿಲಲ್ಲಿ ಕಂಡ ಚಪ್ಪಲಿಗಳ ರಾಶಿ ದಾಟಲು ಜಾಗವಿಲ್ಲದೆ ಅಲ್ಲಿಯೇ ನಿಂತರು.

“ಅಕ್ಕಾರ, ನನಗ ತೋರ್ಸಲಾಕ ಇಷ್ಟು ಮಂದೀನ ಕೂಡ್ಸೀರೇನ್ರಿ?” ಎಂದರು. ಮಾತಿನಲ್ಲಿ ಸ್ವಲ್ಪ ಅನುಮಾನವಿತ್ತು.

ಹೌದು ಎಂದರೆ ವಿವರಿಸುವ ಗೋಜಿಲ್ಲದೆ ಮಾತು ಮುಗಿದುಹೋಗುತ್ತಿತ್ತು. ಚಿಗವ್ವ ಹಿಟ್ಟಿನ ಕೈ ಒರೆಸಿಕೊಂಡು ಹೇಳಿದಳು: “ಇಲ್ರಿ ಅಣ್ಣಾರ. ಬರಬ್ಯಾಡ್ರಿ ಅಂತ ಊರಿಗೆಲ್ಲ ಹೇಳಿ ಕಳಿಸಿದ್ದೆ. ಬಂದಾರ.”

ಅವರು ಪೂರ್ತಿ ಕತೆಯನ್ನು ಊಟಕ್ಕೆ ಕೂತು ಕೇಳಿದರು. ಬಿಸಿ ರೊಟ್ಟಿ ಮೂರು ತಿಂದರು. ನಾಲ್ಕನೆಯದನ್ನು ಬೇಡವೆನ್ನುತ್ತಲೇ ಹಾಕಿಸಿಕೊಂಡರು. ಕೈ ತೊಳೆದ ಮೇಲೆ ಮಾತು ವ್ಯವಹಾರಕ್ಕೆ ತಿರುಗಿತು.

“ಇವತ್ತ ಬಡದವ್ರೆಲ್ಲ ದಿನಾ ಬರ್ತಾರೇನ್ರಿ?”

“ಇಲ್ರಿ. ನಾವು ಎಂಟೇ ಮಂದಿ. ಮುಂಜಾನಿ ಏಳರ ಬಸ್ಸಿಗಿ ಇನ್ನೂರು ರೊಟ್ಟಿ ಕೊಡ್ತೀವಿ. ಅದರ ಮ್ಯಾಗ ಒಂದೂ ಆಗಂಗಿಲ್ಲ.”

ಅವರಿಗೆ ಬೇಕಿದ್ದದ್ದು ಅದಕ್ಕಿಂತ ಹೆಚ್ಚು. ಚಿಗವ್ವ ಸಂಖ್ಯೆ ಏರಿಸಲಿಲ್ಲ. ಕೊನೆಗೆ ಅವರು, “ವಾರಕ್ಕ ನಾಕ್ ದಿನ ನೀವು ಕಳಸ್ರಿ. ಉಳದ ದಿನ ನಮ್ಮ ಹಳೇ ಮಂದಿ ಕೊಡ್ತಾರ. ಖಡಕ್ ರೊಟ್ಟಿನೂ ಮಾಡ್ತೀರಂದ್ರ ಅದನ್ನ ಬ್ಯಾರೆ ಮಾತಾಡೋಣು,” ಎಂದರು.

ಬಯಸಿದ್ದು ಏಳು ದಿನ, ಸಿಕ್ಕಿದ್ದು ನಾಲ್ಕು. ಕೋಣೆ ಉಳಿಯಲು ನಾಲ್ಕು ಸಾಕು. ಅವರು ಬಸ್ಸು ಹತ್ತಿದ ಮೇಲೆ ಚಿಗವ್ವ ಒಲೆಯ ಮುಂದೆ ಕಾಲು ಚಾಚಿ ಕೂತು, ಯಾರೂ ಮುಟ್ಟದ ಒಂದು ಬಾಳೆಕಾಯಿಯನ್ನು ಸುಲಿಯಲು ನೋಡಿ, ಸುಲಿಯಲಾಗದೆ ನಕ್ಕಳು. ಮಂಗಳವಾರ ಮೊದಲ ಬುಟ್ಟಿ ಕಲಬುರಗಿಗೆ ಹೋಯಿತು. ಈಗಲೂ ಹೋಗುತ್ತಿದೆ.

ಅಂದು ಸಂಜೆ ಪಾತ್ರೆಗಳನ್ನು ತೊಳೆದು ಸಾಲಾಗಿಟ್ಟೆವು. ಕಂಠದ ಮೇಲೆ ಕೊರೆಸಿದ ಹೆಸರು ನೋಡಿಕೊಂಡು ಒಂದೊಂದೇ ಮನೆಗೆ ಮುಟ್ಟಿಸಿದೆವು. ಉಳಿದದ್ದು ಒಂದು ಹಿತ್ತಾಳೆ ಬೋಗುಣಿ. ಅದರ ತುಂಬ ಹುಳಿಸೊಪ್ಪಿನ ಪುಂಡಿಪಲ್ಯ ಬಂದಿತ್ತು. ಬೇರೆಲ್ಲ ಖಾಲಿಯಾಗಿ ಕೊನೆಯ ಪಂಕ್ತಿಯವರು ಬರೀ ರೊಟ್ಟಿ ಹಿಡಿದು ಕೂತಾಗ ಯಾರೋ ಅದನ್ನು ಬಾಗಿಲಲ್ಲಿಟ್ಟು ಹೋಗಿದ್ದರು. ಮೆಸ್ಸಿನವರು ನಾಲ್ಕನೆಯ ರೊಟ್ಟಿ ತಿಂದದ್ದೂ ಅದರ ಜೊತೆಗೇ. ಬೋಗುಣಿಯ ಮೇಲೆ ಹೆಸರು ತಿಕ್ಕಿ ತಿಕ್ಕಿ ಅಳಿಸಿದೆ. ಮನೆಮನೆಗೆ ಹಿಡಿದುಕೊಂಡು ಹೋಗಿ ಕೇಳಿದೆವು; ಎಲ್ಲರೂ ತಮ್ಮದಲ್ಲ ಎಂದರು.

ಅನ್ನ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದು ಚಿಗವ್ವನಿಗೆ ಒಗ್ಗದು. ರೊಟ್ಟಿ ತುಂಬಿಯೇ ಕೊಡಬೇಕೆಂದು ಅದನ್ನು ನಾಗಂದಿಗೆಯ ಮೇಲಿಟ್ಟಿದ್ದಾಳೆ. ಪ್ರತಿ ಭಾನುವಾರ ಇಳಿಸಿ ಹುಣಸೆಹಣ್ಣು ಹಚ್ಚಿ ಬೆಳಗುತ್ತಾಳೆ. ಎರಡು ಕಿವಿಯ ಬೋಗುಣಿ, ಒಂದು ಕಿವಿಗೆ ತಾಮ್ರದ ತೇಪೆ, ತಳದಲ್ಲಿ ಸಣ್ಣ ತಗ್ಗು. ಪಲ್ಯದಲ್ಲಿ ಬೆಳ್ಳುಳ್ಳಿ ಮುಂದಾಗಿತ್ತು, ಜೋಳದ ನುಚ್ಚು ಕಡಿಮೆ. ಇದು ಯಾರ ಮನೆಯದು, ಅಂದು ಯಾರು ತಂದಿಟ್ಟರು ಎಂದು ಬಲ್ಲವರು, ಅಥವಾ ಅವರನ್ನು ಬಾಗಿಲಲ್ಲಿ ಕಂಡವರು, ಈ ಪತ್ರಿಕೆಗೆ ದಯವಿಟ್ಟು ಒಂದು ಸಾಲು ಬರೆಯಿರಿ. ರೊಟ್ಟಿ ಬಿಸಿಯದೋ ಖಡಕ್ಕೋ ಎಂಬುದನ್ನೂ ಅದರಲ್ಲೇ ತಿಳಿಸಿದರೆ ಚಿಗವ್ವನಿಗೆ ಅನುಕೂಲ.