ರೆಡ್ ರಿವರ್ ಕಡೆಯವರು

ಎಪ್ಪತ್ತರ ದಶಕದಲ್ಲಿ ಅಮೆರಿಕದ ಫ್ಲಶಿಂಗ್‌ನ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕೆನಡಾದ ಮುದುಕಿಯೊಬ್ಬರಿದ್ದರು. ತುಪ್ಪಳದ ವ್ಯಾಪಾರಕ್ಕೆಂದು ದೋಣಿಯಲ್ಲಿ ಬಂದು, ಹುಲ್ಲುಗಾವಲಿನ ರೆಡ್ ರಿವರ್ ಕಣಿವೆಯಲ್ಲಿ ನೆಲೆಸಿದ ಫ್ರೆಂಚರ ವಂಶ ಅವರದು. ಯಾರು ಕೇಳಿದರೂ ಬೆನ್ನು ನೆಟ್ಟಗೆ ಮಾಡಿ, “ವಿ ಆರ್ ಫ್ರೆಂಚ್” ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಕೂಸು ಅಳು ನಿಲ್ಲಿಸಲೇ ಇಲ್ಲ. ಅವರೇ ಬಂದು ಎತ್ತಿಕೊಂಡು, ಶಾಲಿನಲ್ಲಿ ಬಿಗಿಯಾಗಿ ಸುತ್ತಿ, ಮೆಲ್ಲಗೆ ಹಾಡಿದರು. ಕೂಸು ಮಲಗಿತು.

“ಫ್ರೆಂಚ್ ಹಾಡಾ?” ಎಂದೆ.

ಅವರು ಕೂಸಿನ ಶಾಲು ಸರಿಮಾಡಿದರು. “ಅಲ್ಲ, ಕ್ರೀ ಬುಡಕಟ್ಟಿನದು. ನನ್ನ ಅಜ್ಜಿಯ ಹಾಡು. ಫ್ರೆಂಚರು ಬರುವ ಮೊದಲೇ ಅವಳ ಜನ ಅಲ್ಲಿದ್ದರು. ಅವಳ ಹೆಸರು ಯಾರ ಮುಂದೆಯೂ ಎತ್ತಬೇಡ ಅಂದಿದ್ದಳು ಅಮ್ಮ.”

“ಏನು ಹೆಸರು?”

ನಮ್ಮ ನಾಮಕರಣದ ಪದ್ಧತಿ ಅವರಿಗೆ ಗೊತ್ತಿರಲಿಲ್ಲ. ಆದರೂ ಬಗ್ಗಿ, ಮೊದಲು ಕೂಸಿನ ಕಿವಿಯಲ್ಲಿ ಹೇಳಿದರು, ಆಮೇಲೆ ನನಗೆ.